ಆಷಾಢಕ್ಕೆ ಸಿಕ್ಕ ಟ್ರಂಪೆಟ್

ಟ್ರಂಪೆಟ್ ಊದಲು ಗಟ್ಟಿ ತುಟಿ ಬೇಕು, ಎದೆಯಲ್ಲಿ ಉಸಿರು ಬೇಕು ಎಂದು ಎಲ್ಲರೂ ಹೇಳಿದರು. ಪಂಚಾಂಗವೂ ಬೇಕು ಎಂದು ಒಬ್ಬರೂ ಹೇಳಲಿಲ್ಲ. ಅದನ್ನು ನಾನು ನನ್ನ ಮಗಳ ಜೊತೆ ಒದ್ದಾಡಿಯೇ ಕಲಿಯಬೇಕಾಯಿತು.

ನಾನು ಚನ್ನಪಟ್ಟಣದಲ್ಲಿ ಬ್ಲೌಸ್ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮಿಷನ್, ಒಂದು ಇಸ್ತ್ರಿ ಮೇಜು, ಗೋಡೆಯ ತುಂಬ ಬೇರೆಯವರ ಮನೆಯ ಮದುವೆಯ ರವಿಕೆಗಳು. ಗಂಡ ಹಾರೋಹಳ್ಳಿಯ ಕಾರ್ಖಾನೆಗೆ ಪಾಳಿ ಲೆಕ್ಕದಲ್ಲಿ ಹೋಗುತ್ತಾರೆ. ಮನೆಯಲ್ಲಿ ಕಬ್ಬಾಳಿನ ಕಡೆಯ ನನ್ನ ಅತ್ತೆ ಇದ್ದಾರೆ, ಏಳನೇ ತರಗತಿಯ ಮಗಳು ಇದ್ದಾಳೆ. ನಮ್ಮ ಮನೆಯಲ್ಲಿ ಸಿಟ್ಟು ಹೆಣ್ಣುಮಕ್ಕಳ ಪಾಲಿಗೆ ಮಾತ್ರ ಬಂದಿದೆ. ಗಂಡ ಮಾತ್ರ ತಣ್ಣಗಿನ ಮನುಷ್ಯ. ಬೇರೆ ದಾರಿ ಏನಿದೆ ಅವರಿಗೆ?

ಆ ವರ್ಷ ಜೂನ್ ತಿಂಗಳಲ್ಲಿ ಮಗಳ ಶಾಲೆಗೆ ಒಬ್ಬ ಬ್ಯಾಂಡ್ ಮೇಷ್ಟ್ರು ಬಂದರು. ಡ್ರಮ್ಮು, ತಾಳ ಎಲ್ಲ ಶಾಲೆಯದೇ ಇದ್ದವು. ಊದುವ ವಾದ್ಯ ಬೇಕಾದವರು ತಾವೇ ತರಬೇಕು ಅಂದರಂತೆ. ಯಾರು ಟ್ರಂಪೆಟ್ ತಂದು ಕಲಿಯುತ್ತಾರೋ ಅವರಿಗೆ ಆಗಸ್ಟ್ ಹದಿನೈದರಂದು ಬಾವುಟ ಏರಿಸುವ ಮುಂಚೆ ನಾಲ್ಕು ಸ್ವರದ ಕರೆ ಊದುವ ಅವಕಾಶ. ಒಬ್ಬರಿಗೆ ಮಾತ್ರ. ಇಡೀ ಮೈದಾನ ಸುಮ್ಮನೆ ನಿಂತಿರುವಾಗ ಒಂದೇ ವಾದ್ಯ. ಕೇಳಿದ ಕೂಡಲೇ ನನ್ನ ಮಗಳು ಕೈ ಎತ್ತಿ, ಮನೆಗೆ ಬಂದು, ಚೀಲ ಕೆಳಗಿಡುವ ಮೊದಲೇ ವಿಷಯ ಹೇಳಿದಳು. ಅವಳದು ಕೇಳುವ ದನಿಯಲ್ಲ, ತಿಳಿಸುವ ದನಿ.

ಯಾಕೆ ಬೇಕು ಎಂದು ಕೇಳಿದೆ. ಹಿಂದಿನ ವರ್ಷ ಅವಳನ್ನು ಕಾಗದದ ಹೂವು ಅಲ್ಲಾಡಿಸುವ ಸಾಲಿನ ಕೊನೆಯಲ್ಲಿ, ನೀರಿನ ಟ್ಯಾಂಕಿನ ಹಿಂದೆ ನಿಲ್ಲಿಸಿದ್ದರು. ಒಂದೂವರೆ ಗಂಟೆ ಬಿಸಿಲಿನಲ್ಲಿ ಹೂವು ಅಲ್ಲಾಡಿಸಿ ಬಂದಿದ್ದಳು. ನಾನು ಹೋಗಿದ್ದೆ, ಆದರೆ ನನ್ನ ಮಗಳು ಎಲ್ಲಿದ್ದಾಳೆಂದು ನನಗೇ ಕಾಣಿಸಿರಲಿಲ್ಲ. ಅದನ್ನು ನೆನಪಿಸಿ, ಈ ವರ್ಷ ನಾನು ಎಲ್ಲಿದ್ದೇನೆಂದು ನಿನಗೆ ಕೇಳಿಸುತ್ತದೆ ಅಂದಳು.

ಗಂಡನಿಗೆ ಹೇಳಿದರೆ ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, ಮನೆಯಲ್ಲಿ ನೀನಿರುವಾಗ ಟ್ರಂಪೆಟ್ ಯಾಕೆ ಅಂದರು. ತಣ್ಣಗಿನ ಮನುಷ್ಯರ ನಾಲಿಗೆ ಹೀಗೇ.

ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿ ಹೊಸದರ ಬೆಲೆ ಕೇಳಿದೆ. ಕೇಳಿದ ಮೇಲೆ ಧನ್ಯವಾದವನ್ನೂ ಹೇಳದೆ ಫೋನ್ ಇಟ್ಟುಬಿಟ್ಟೆ. ಆಮೇಲೆ ಮೊಬೈಲಿನಲ್ಲಿ ಒಂದು ಜಾಹೀರಾತು ಸಿಕ್ಕಿತು. ಮಾಗಡಿಯಲ್ಲಿ ಯಾರೋ ಹಳೆಯ ಟ್ರಂಪೆಟ್ ಮಾರುತ್ತಾರೆ, ಒಳ್ಳೆಯ ಸ್ಥಿತಿಯಲ್ಲಿದೆ ಎಂದು. ಒಂದು ಭಾನುವಾರ ಅಮ್ಮ ಮಗಳು ಬಸ್ಸು ಬದಲಿಸುತ್ತ ಮಾಗಡಿಗೆ ಹೋದೆವು. ಸ್ಥಿತಿ ನಿಜಕ್ಕೂ ಚೆನ್ನಾಗಿತ್ತು, ಯಾಕೆಂದರೆ ಅದನ್ನು ಯಾರೂ ಯಾವತ್ತೂ ಊದಿರಲಿಲ್ಲ. ಅದು ಹೋಟೆಲಿನ ಗೋಡೆಗೆ ತೂಗುಹಾಕುವ ಅಲಂಕಾರದ ತುತ್ತೂರಿ. ಮಗಳು ಕೆನ್ನೆ ಉಬ್ಬಿಸಿ ಊದಿದಳು, ಗಾಳಿ ಹೋಗಲು ದಾರಿಯೇ ಇಲ್ಲ. ನಾನು ಮಾರುವವರಿಗೆ ನಾಲ್ಕು ಮಾತು ಅಂದೆ. ಅವರು, ನೋಡೋಕೆ ಎಷ್ಟು ಚೆನ್ನಾಗಿದೆ ನೋಡಿ ಎಂದು ಬಾಗಿಲವರೆಗೂ ಹೇಳುತ್ತಲೇ ಬಂದರು.

ವಾಪಸ್ ಬರುವ ಬಸ್ಸಿನಲ್ಲಿ ನನ್ನ ಗಿರಾಕಿಯೊಬ್ಬಳು ಸಿಕ್ಕಿದಳು. ಕುದೂರಿನ ತವರಿನಿಂದ ಬರುತ್ತಿದ್ದಳು. ನಮ್ಮ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಅಂದಳು: ಮದುವೆಗೆ ಬ್ಯಾಂಡ್ ಸೆಟ್ ಕಳಿಸುವ ಸಾಹೇಬರು ನಿಮ್ಮ ಊರಲ್ಲೇ ಇರುವಾಗ ಮಾಗಡಿಗೆ ಯಾಕೆ ಹೋದಿರಿ? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತಾಗಿತ್ತು ನಮ್ಮ ಪಾಡು.

ಮರುದಿನ ಸಂಜೆ ಸಾಹೇಬರ ಮನೆಗೆ ಹೋದೆವು. ಬೊಂಬೆ ಮಾಡುವವರ ಬೀದಿಯಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲಿ ಮರ ತಿರುಗಿಸುವ ಮಿಷನ್, ನೆಲದ ತುಂಬ ಮರದ ಸಿಪ್ಪೆ, ಒಂದು ಬುಟ್ಟಿಯಲ್ಲಿ ಬಣ್ಣ ಹಚ್ಚಿದ ಬುಗುರಿಗಳು. ಗೋಡೆಯ ಮೊಳೆಗಳಿಗೆ ಮೂರು ಟ್ರಂಪೆಟ್, ಎರಡು ಕ್ಲಾರಿನೆಟ್, ಒಂದು ಭಾರಿ ಡ್ರಮ್ಮು. ಅರ್ಧ ವರ್ಷ ಬುಗುರಿ, ಅರ್ಧ ವರ್ಷ ಮದುವೆ. ವಯಸ್ಸು ಅರವತ್ತರ ಹತ್ತಿರ, ಮೀಸೆ ಇಲ್ಲದ ಬಿಳಿ ಗಡ್ಡ, ಮೆಲುದನಿಯ ಮನುಷ್ಯ. ಇಂಥವರ ಎದುರು ನನ್ನ ದನಿ ಇನ್ನೂ ದೊಡ್ಡದಾಗಿ ಕೇಳುತ್ತದೆ.

ಒಳ್ಳೆಯ ಹೊತ್ತಿಗೇ ಹೋಗಿದ್ದೆವು. ಆ ವರ್ಷ ಆಷಾಢವೂ ಮೊಹರಂ ತಿಂಗಳೂ ಒಟ್ಟಿಗೇ ಬಂದಿದ್ದವು. ಹಿಂದೂಗಳ ಮನೆಯಲ್ಲೂ ಮದುವೆ ಇಲ್ಲ, ಮುಸಲ್ಮಾನರ ಮನೆಯಲ್ಲೂ ಮದುವೆ ಇಲ್ಲ. ವಾದ್ಯಗಳೆಲ್ಲ ಮೊಳೆಗೆ ನೇತಾಡಿಕೊಂಡಿದ್ದವು. ಆದರೆ ಸಾಹೇಬರು ಬಾಡಿಗೆಯ ಮಾತಿಗೇ ತಲೆ ಅಲ್ಲಾಡಿಸಿದರು. ವಾದ್ಯ ಊದುವವನ ಜೊತೆ ಹೋಗುತ್ತದೆ, ಒಂಟಿಯಾಗಿ ಎಲ್ಲಿಗೂ ಹೋಗುವುದಿಲ್ಲ, ಅಪ್ಪನ ಕಾಲದಿಂದ ಇದೇ ಪದ್ಧತಿ ಅಂದರು. ಎಷ್ಟು ಕೊಟ್ಟರೂ ಇಲ್ಲ ಅಂದರು.

ಆಗ ನನ್ನ ಕಣ್ಣು ಬಾಗಿಲ ಹಿಂದೆ ತೂಗುಹಾಕಿದ್ದ ಕೋಟುಗಳ ಮೇಲೆ ಬಿತ್ತು. ಬ್ಯಾಂಡಿನವರು ಹಾಕುವ ಕೆಂಪು ಕೋಟುಗಳು. ಕಂಕುಳಲ್ಲಿ ಹರಿದಿದ್ದವು, ಚಿನ್ನದ ಬಣ್ಣದ ಪಟ್ಟಿ ಕಿತ್ತು ಜೋತಾಡುತ್ತಿತ್ತು, ಕೆಂಪು ಬಟ್ಟೆಗೆ ಯಾರೋ ಪುಣ್ಯಾತ್ಮರು ಹಸಿರು ದಾರದಲ್ಲಿ ಹೊಲಿಗೆ ಹಾಕಿದ್ದರು. ಬೇರೆಯವರ ಮನೆಯ ಕೊಳಕು ಪಾತ್ರೆ ನೋಡಿದರೂ ತಡೆದುಕೊಳ್ಳುತ್ತೇನೆ, ಕೆಟ್ಟ ಹೊಲಿಗೆ ನೋಡಿದರೆ ನನ್ನಿಂದ ತಡೆಯಲಾಗುವುದಿಲ್ಲ. ಇದನ್ನು ಹೊಲಿದವರು ಯಾರು ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಸಾಹೇಬರು ಮೆಲ್ಲಗೆ, ನಾನೇ ಅಂದರು.

ಅಲ್ಲಿಗೆ ವ್ಯವಹಾರ ಕುದುರಿತು. ಹದಿನಾಲ್ಕು ಕೋಟು ನಾನು ಬಿಚ್ಚಿ ಹೊಸದಾಗಿ ಹೊಲಿದುಕೊಡಬೇಕು, ಅವರು ಟ್ರಂಪೆಟ್ ಕೊಡಬೇಕು. ಆಷಾಢದಲ್ಲಿ ನನಗೂ ಕೆಲಸ ಕಡಿಮೆ. ಒಂದೇ ಷರತ್ತು ಹಾಕಿದರು. ಗೋಡೆಯ ಮೇಲಿನ ಕ್ಯಾಲೆಂಡರ್ ತೋರಿಸಿ, ಅಮ್ಮ, ಮುಹೂರ್ತ ಇರೋ ದಿನ ಮಾತ್ರ ವಾದ್ಯ ನಂಗೆ ಬೇಕು ಅಂದರು. ಆಗಲಿ ಅಂದೆ.

ಶ್ರಾವಣ ಬಂದರೆ ಮುಹೂರ್ತಗಳು ಶುರುವಾಗುತ್ತವೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವರ್ಷವೂ ಗಿರಾಕಿಗಳಿಗೆ, ಶ್ರಾವಣದಲ್ಲಿ ನನ್ನನ್ನು ಮಾತಾಡಿಸಬೇಡಿ ಎಂದು ಹೇಳುವವಳು ನಾನೇ. ಆದರೆ ಮದುವೆಯ ಕ್ಯಾಲೆಂಡರ್ ಅಂಗಡಿಯ ಗೋಡೆಯ ಮೇಲಿರುತ್ತದೆ, ಶಾಲೆಯ ಕ್ಯಾಲೆಂಡರ್ ಅಡುಗೆಮನೆಯಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ. ಆಗಸ್ಟ್ ಹದಿನೈದು ಶ್ರಾವಣದಲ್ಲೇ ಬಿದ್ದಿತ್ತು.

ಟ್ರಂಪೆಟ್ ಮನೆಗೆ ಬಂದ ದಿನ ಅತ್ತೆ ಅದನ್ನು ದೂರದಿಂದಲೇ ಸುತ್ತಿ ಸುತ್ತಿ ನೋಡಿದರು. ಕಪ್ಪಗೆ, ಚಿಕ್ಕ ಚಿಕ್ಕ ನೆಗ್ಗುಗಳಿದ್ದ ಹಳೆಯ ವಾದ್ಯ. ಇದನ್ನು ಹಿಂದೆ ಯಾರು ಊದುತ್ತಿದ್ದರು ಎಂದು ಕೇಳಿದರು. ಎಷ್ಟೋ ಜನ ಊದಿರಬಹುದು ಎಂದೆ. ಅದರ ಕೆಳಗಿರುವ ಸಣ್ಣ ಕೀಲಿ ಯಾತಕ್ಕೆ ಅಂದರು. ಒಳಗೆ ಸೇರಿದ ಎಂಜಲು ನೀರನ್ನು ಹೊರಗೆ ಬಿಡುವುದಕ್ಕೆ ಎಂದು ಮಗಳು ಬಹಳ ಉತ್ಸಾಹದಿಂದ ಹೇಳಿಕೊಟ್ಟಳು. ಹೇಳಬಾರದಿತ್ತು.

ಮರುದಿನ ನಾನು ಲೈನಿಂಗ್ ಬಟ್ಟೆ ತರಲು ರಾಮನಗರಕ್ಕೆ ಹೋಗಿದ್ದೆ. ಬಂದು ನೋಡಿದರೆ ಹಿತ್ತಲಿನ ಕಲ್ಲಿನ ಮೇಲೆ ದೀಪದ ಕಂಬ, ಕೊಳದಪ್ಪಲೆ, ಎರಡು ಚೊಂಬುಗಳ ಸಾಲಿನಲ್ಲಿ ಟ್ರಂಪೆಟ್ ಒಣಗುತ್ತಿತ್ತು. ಫಳಫಳ ಹೊಳೆಯುತ್ತಿತ್ತು, ಆಗತಾನೇ ಮಾಡಿಸಿದ ಒಡವೆಯಂತೆ. ಅತ್ತೆ ಅದನ್ನು ಹುಣಸೆಹಣ್ಣು, ಬೂದಿ ಹಾಕಿ, ತೆಂಗಿನ ನಾರಿನಿಂದ ಒಂದು ಗಂಟೆ ತಿಕ್ಕಿದ್ದರು. ಹೊರಗೆ ಮಾತ್ರವಲ್ಲ. ಬಾಯಿ ಅಗಲವಾದ ಕಡೆಯಿಂದ ಹುಣಸೆ ನೀರು ಹುಯ್ದು, ಅಲ್ಲಾಡಿಸಿ, ಒಳಗೂ ತೊಳೆದಿದ್ದರು. ಬೆರಳಿನಿಂದ ಒತ್ತುವ ಮೂರು ಗುಂಡಿಗಳಲ್ಲಿ ಒಂದು ಕೈಗೇ ಬಂದು ಬಚ್ಚಲಿನ ದಾರಿ ಹಿಡಿದಿತ್ತು. ಉಳಿದ ಎರಡು ಒತ್ತಿದರೆ ಒಳಗೆ ಹೋಗುತ್ತಿರಲಿಲ್ಲ.

ನಾನು ಬಾಯಿ ತೆರೆದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು.

"ಹಿತ್ತಾಳೆ ಅಂದ್ಮ್ಯಾಕೆ ಹುಣಸೆಹಣ್ಣಲ್ದೆ ಇನ್ಯಾತ್ರಲ್ ಉಜ್ಜಾರು? ಕಂಡೋರ್ ಬಾಯ್ಗಿಟ್ಟಿದ್ದ ನಮ್ ಮಗಿ ಬಾಯ್ಗ್ ಇಡ್ತೀರಲ್ಲ, ಒಸಿ ತೊಳ್ದೆ, ಅದ್ಕೂ ತಪ್ಪಾ?"

ಯೋಚಿಸಿದರೆ ತಪ್ಪು ಎಲ್ಲಿದೆ ಎಂದು ನನಗೂ ತೋರಲಿಲ್ಲ. ಮೂವತ್ತು ವರ್ಷ ಹಿತ್ತಾಳೆ ಪಾತ್ರೆ ಬೆಳಗಿದ ಕೈ ಅದು, ಟ್ರಂಪೆಟ್ ಎಂದು ಬೇರೆ ನಿಯಮ ಹಾಕುತ್ತದೆಯೇ? ಬಂದ ಸಿಟ್ಟನ್ನು ನುಂಗಿಕೊಂಡೆ. ಅಪರೂಪಕ್ಕೆ ನುಂಗಿದ್ದರಿಂದ ಗಂಟಲು ನೋಯಿತು. ಮಗಳು ಶಾಲೆಯಿಂದ ಬಂದು ನೋಡಿ ಅಳಲಿಲ್ಲ. ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಎಷ್ಟು ಹುಣಸೆಹಣ್ಣು, ಎಷ್ಟು ಹೊತ್ತು ನೆನೆಸಿದ್ದು, ಗುಂಡಿ ಯಾವ ಕಡೆಗೆ ಬಿತ್ತು ಎಂದು ಪೊಲೀಸರ ಹಾಗೆ ವಿಚಾರಣೆ ಮಾಡಿದಳು. ಬಚ್ಚಲಿಗೆ ಕೈ ಹಾಕಿಯೂ ಹುಡುಕಿದಳು. ಗುಂಡಿ ಸಿಗಲಿಲ್ಲ.

ಟ್ರಂಪೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಸಾಹೇಬರ ಮನೆಗೆ ಹೋದೆವು. ದಾರಿಯುದ್ದಕ್ಕೂ ನಾನು ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಟವೆಲ್ ಬಿಚ್ಚಿದ ಕೂಡಲೇ ಸಾಹೇಬರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ, ಇದು ಈ ಬಣ್ಣ ಅಂತ ನಂಗೇ ಗೊತ್ತಿರಲಿಲ್ಲ ಅಂದರು. ಅವರ ಅಪ್ಪ ಹಳೆಯದನ್ನೇ ಕೊಂಡು ತಂದದ್ದಂತೆ, ತರುವಾಗಲೇ ಕಪ್ಪಗಿತ್ತಂತೆ. ಒಳಗಿನ ಕೊಳವೆಗಳನ್ನು ಒಂದೊಂದಾಗಿ ಬಿಚ್ಚಿದರು. ಹುಣಸೆಯ ನಾರು ಬಂತು, ಬೂದಿ ಬಂತು, ಕೊನೆಗೆ ಒಂದು ಹುಣಸೆ ಬೀಜ ಟಣ್ಣೆಂದು ನೆಲಕ್ಕೆ ಬಿತ್ತು. ಬೀಜ ನೋಡಿದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಗಡ್ಡವೆಲ್ಲ ಕಣ್ಣೀರಾಯಿತು. ಒಳಗಿನಿಂದ ಅವರ ಹೆಂಡತಿ ಬಂದು ಬೀಜ ನೋಡಿ ಅವರೂ ನಕ್ಕರು. ಅವರ ಮನೆಯಲ್ಲೂ ಹಿತ್ತಾಳೆಗೆ ಹುಣಸೆಹಣ್ಣೇ ಅಂತೆ.

ಕೊಳವೆಗಳಿಗೆ ಎಣ್ಣೆ ಬಿಟ್ಟು ಮತ್ತೆ ಜೋಡಿಸಿದರು. ಕಳೆದುಹೋದ ಗುಂಡಿಯ ಬದಲಿಗೆ ಬುಗುರಿಯ ಮಿಷನ್ನಿಗೇ ಒಂದು ಚೂರು ಮರ ಸಿಕ್ಕಿಸಿ, ತಿರುಗಿಸಿ, ಕೆಂಪು ಅರಗು ಹಚ್ಚಿ ಹೊಸ ಗುಂಡಿ ಮಾಡಿಕೊಟ್ಟರು. ಎರಡು ಗುಂಡಿ ಹಿತ್ತಾಳೆಯದು, ಒಂದು ಚನ್ನಪಟ್ಟಣದ್ದು. ಮಗಳು ಅದನ್ನು ಒತ್ತಿ ಒತ್ತಿ ನೋಡುತ್ತ ಅಲ್ಲೇ ಕೂತಳು. ಸಾಹೇಬರು ಊದು ನೋಡೋಣ ಅಂದರು. ಊದಿದಳು. ಸೈಕಲ್ಲಿನ ಟ್ಯೂಬು ಬಿಟ್ಟಂತೆ ಬುಸ್ ಎಂದಿತು.

"ಊದ್ಬೇಡ ಮಗಳೇ. ತುಟಿ ಮೇಲೆ ಸೊಳ್ಳೆ ಕೂತೈತೆ ಅಂದ್ಕೊ. ಕೈ ಮುಟ್ಟದೆ ಅದನ್ನ ಓಡ್ಸು."

ಅವಳು ಸೊಳ್ಳೆ ಓಡಿಸಿದಳು. ಟ್ರಂಪೆಟ್ ಮೊದಲ ಸಲ ಸದ್ದು ಮಾಡಿತು. ಅದು ಎಂಥ ಸದ್ದು ಎಂದು ನಾನು ಹೇಳುವುದಿಲ್ಲ, ತಾಯಿ ಹೇಳಬಾರದು. ಆದರೆ ಅವಳ ಕಿವಿಯೆಲ್ಲ ಕೆಂಪಾಗಿ, ಕಣ್ಣು ಇಷ್ಟಗಲ ಆಗಿತ್ತು. ಅಂದಿನಿಂದ ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಸಾಹೇಬರ ಮನೆಗೆ ಹೋಗತೊಡಗಿದಳು. ಅವರು ಬುಗುರಿ ತಿರುಗಿಸುತ್ತಲೇ ಕೇಳುತ್ತ, ಬಾಯಿಮಾತಿನಲ್ಲೇ ತಿದ್ದುತ್ತಿದ್ದರು. ಮೊಹರಂ ತಿಂಗಳಾದ್ದರಿಂದ ತಾವು ವಾದ್ಯ ಬಾಯಿಗಿಡುತ್ತಿರಲಿಲ್ಲ. ತಿಂಗಳು ಮುಗಿದ ಮೇಲೂ ಪಾಠದ ಹೊತ್ತಿನಲ್ಲಿ ಇಡಲಿಲ್ಲ. ನಾನು ಊದಿ ತೋರಿಸಿದರೆ ಅವಳು ನನ್ನದನ್ನು ಊದುತ್ತಾಳೆ, ಅವಳದನ್ನು ಊದುವುದಿಲ್ಲ ಎಂದು ಒಮ್ಮೆ ನನಗೆ ಹೇಳಿದರು.

ಮನೆಯಲ್ಲಿ ಅಭ್ಯಾಸ ತಾರಸಿಯ ಮೇಲೆ. ಆ ಒಂದು ತಿಂಗಳು ನಮ್ಮ ಬೀದಿಯವರು ನನ್ನನ್ನು ಕಂಡರೆ ಎದುರಿನ ಬದಿಗೆ ದಾಟಿಕೊಳ್ಳುತ್ತಿದ್ದರು. ಪಕ್ಕದ ಮನೆಯ ನಿವೃತ್ತರು, ಏನಮ್ಮ, ನಿಮ್ಮನೆ ಎಮ್ಮೆ ಈಯೋದು ಯಾವತ್ತು ಎಂದು ಕೇಳಿದರು. ನಿಮ್ಮ ಮೊಮ್ಮಗನ ಬೈಕಿನ ಸೈಲೆನ್ಸರ್ ರಿಪೇರಿಯಾದ ದಿನ ಅಂದೆ. ಅಲ್ಲಿಗೆ ಸರಿಹೋಯಿತು. ಅತ್ತೆ ಮಾತ್ರ ಸಂಜೆಯಾದರೆ ತಾರಸಿಯ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತ ಕೂತು ಪರೀಕ್ಷಕರಾಗುತ್ತಿದ್ದರು. "ಇವತ್ತು ಒಸಿ ಮನ್ಸರ ದನಿ ಬತ್ತೈತೆ ಕಣವ್ವ" ಎಂದು ಅವರು ಹೇಳಿದ ದಿನ ಮಗಳು ಎರಡು ರಾಗಿಮುದ್ದೆ ತಿಂದಳು.

ನಾಲ್ಕು ಸ್ವರಗಳಲ್ಲಿ ಮೂರನೆಯದು ಕಳ್ಳ ಸ್ವರ. ಮೇಲಕ್ಕೆ ಹತ್ತುವಾಗ ಒಡೆದುಹೋಗುತ್ತಿತ್ತು. ಒಡೆದಾಗಲೆಲ್ಲ ಅವಳು ಅಲ್ಲಿಂದ ಮುಂದುವರಿಸುವುದಿಲ್ಲ, ಮೊದಲಿಂದ ಶುರು ಮಾಡುತ್ತಾಳೆ. ಒಂದು ಸಂಜೆ ನಲವತ್ತು ಸಲ ಆಗಿರಬೇಕು. ಸಾಕು ಮಾಡೇ ಎಂದು ಕೂಗಿದೆ. ಅತ್ತೆ, ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಸೊಪ್ಪಿಗೆ ಹೇಳಿದರು. ಆಷಾಢ ಮುಗಿಯುವ ಹೊತ್ತಿಗೆ ನಾಲ್ಕೂ ಸ್ವರ ಸಾಲಾಗಿ ಬರತೊಡಗಿದವು. ಬ್ಯಾಂಡ್ ಮೇಷ್ಟ್ರು ಕೇಳಿ, ಕರೆ ನಿನ್ನದೇ ಅಂದರಂತೆ. ಅವತ್ತು ನಾನು ಹದಿನಾಲ್ಕನೆಯ ಕೋಟಿನ ಕೊನೆಯ ಗುಂಡಿ ಹಾಕುತ್ತಿದ್ದೆ. ಸಂತೋಷಕ್ಕೆ ಸೂಜಿ ಬೆರಳಿಗೆ ಚುಚ್ಚಿಕೊಂಡೆ.

ಶ್ರಾವಣ ಬಂತು. ಮುಹೂರ್ತದ ಹಿಂದಿನ ದಿನ ಟ್ರಂಪೆಟ್ ಸಾಹೇಬರ ಮನೆಗೆ ಹೋಗುವುದು, ಮದುವೆ ಮುಗಿದ ಮೇಲೆ ಬರುವುದು ನಡೆದಿತ್ತು. ನಾನು ರವಿಕೆಗಳ ರಾಶಿಯಲ್ಲಿ ಮುಳುಗಿದ್ದೆ. ಆಗಸ್ಟ್ ಮೊದಲ ವಾರ ಸಾಹೇಬರೇ ಅಂಗಡಿಯ ಬಾಗಿಲಿಗೆ ಬಂದು ನಿಂತರು. ಕೂರಿ ಅಂದರೂ ಕೂರಲಿಲ್ಲ. ಹದಿನೈದನೇ ತಾರೀಕು ರಾಮನಗರದಲ್ಲಿ ಮದುವೆ ಒಪ್ಪಿಕೊಂಡಿದ್ದೇನೆ, ಗಂಡಿನವರು ಕನಕಪುರದ ಕಡೆಯ ದೊಡ್ಡ ಒಕ್ಕಲು ಮನೆತನ, ಮೂರೂ ಟ್ರಂಪೆಟ್ ಬೇಕೆಂದು ಕೇಳಿದ್ದಾರೆ ಅಂದರು. ಒಪ್ಪಿಕೊಂಡದ್ದು ಯುಗಾದಿಯ ಹೊತ್ತಿನಲ್ಲಂತೆ, ಆಗ ನನ್ನ ಮಗಳು ಟ್ರಂಪೆಟ್ ಎಂಬ ಪದವನ್ನೂ ಹೇಳಿರಲಿಲ್ಲ.

ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಮಾತು ಕೊಟ್ಟಿದ್ದವಳು ನಾನು, ಷರತ್ತು ಹಾಕಿ ಹೇಳಿದ್ದವರು ಅವರು. ಅದು ಗೊತ್ತಿದ್ದದ್ದರಿಂದಲೇ ಸಿಟ್ಟು ಇನ್ನೂ ಜಾಸ್ತಿಯಾಯಿತು. ಯಾರ ಮನೆಯ ಮದುವೆ ಎಂದು ಕೇಳಿದೆ. ಅವರು ಹೇಳಿದರು. ನಾನು ತಿರುಗಿ ಗೋಡೆ ನೋಡಿದೆ. ಆ ಮದುಮಗಳ ಆರು ರವಿಕೆ ನನ್ನ ಮೊಳೆಗೇ ನೇತಾಡುತ್ತಿದ್ದವು, ಮುಹೂರ್ತದ್ದಕ್ಕೆ ಇನ್ನೂ ತೋಳು ಕೂರಿಸಿರಲಿಲ್ಲ. ಹಾಗಾದರೆ ಮದುಮಗಳು ತೋಳಿಲ್ಲದೆ ಹಸೆಮಣೆ ಏರಲಿ ಅಂದುಬಿಟ್ಟೆ.

ಸಾಹೇಬರು ಆ ರವಿಕೆಯನ್ನೂ ನನ್ನನ್ನೂ ನೋಡಿ, ಹಾಗನ್ನಬೇಡಿ ಅಮ್ಮ, ಅದೂ ಒಬ್ಬರ ಮಗಳು ಅಂದರು. ಅಷ್ಟೇ ಅಂದದ್ದು. ನನಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ಹೊಲಿದವಳು ಯಾವ ಮದುಮಗಳ ಬಗ್ಗೆಯೂ ಹಾಗೆ ಅಂದಿರಲಿಲ್ಲ. ತಲೆ ತಗ್ಗಿಸಿ ಇಸ್ತ್ರಿ ಪೆಟ್ಟಿಗೆಯ ವೈರು ಸುತ್ತತೊಡಗಿದೆ.

ಮಗಳು ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಬಂದು, ನಿಮ್ಮ ಮೆರವಣಿಗೆ ಎಷ್ಟು ಗಂಟೆಗೆ ಎಂದು ಸಾಹೇಬರನ್ನು ಕೇಳಿದಳು. ದೊಡ್ಡವರಿಬ್ಬರಿಗೂ ಹೊಳೆಯದ ಪ್ರಶ್ನೆ. ಗಂಡಿನ ದಿಬ್ಬಣವನ್ನು ಎದುರುಗೊಳ್ಳುವುದು ಬೆಳಗ್ಗೆ ಏಳಕ್ಕೆ. ಧಾರೆಯ ಹೊತ್ತಿಗೆ ವಾಲಗದವರು ಇರುತ್ತಾರೆ, ಬ್ಯಾಂಡಿಗೆ ಕೆಲಸವಿಲ್ಲ. ಮತ್ತೆ ಬ್ಯಾಂಡ್ ಬೇಕಾಗುವುದು ಹತ್ತೂವರೆಗೆ. ಶಾಲೆಯಲ್ಲಿ ಬಾವುಟ ಎಂಟೂವರೆಗೆ. ರಾಮನಗರದಿಂದ ಚನ್ನಪಟ್ಟಣಕ್ಕೆ ಸ್ಕೂಟರಿನಲ್ಲಿ ಅರ್ಧ ಗಂಟೆ. ಏಳೂವರೆಗೆ ಹೊರಟು ಎಂಟಕ್ಕೆ ನಿನ್ನ ಕೈಗೆ ಕೊಡುತ್ತೇನೆ, ಊದಿದ ಕೂಡಲೇ ತೆಗೆದುಕೊಂಡು ಹೋಗುತ್ತೇನೆ ಎಂದು ಸಾಹೇಬರು ಒಪ್ಪಿದರು. ಆ ರಾತ್ರಿಯೇ ರವಿಕೆಗೆ ತೋಳು ಕೂರಿಸಿದೆ, ಒಂದು ಸಾಲು ಮುತ್ತು ಹೆಚ್ಚಾಗಿಯೇ ಹಾಕಿದೆ.

ಹದಿನೈದರ ಬೆಳಗ್ಗೆ ನಾವೆಲ್ಲ ಮೈದಾನದಲ್ಲಿದ್ದೆವು. ಗಂಡ ಪಾಳಿ ಬದಲಿಸಿಕೊಂಡು ಬಂದಿದ್ದರು. ಅತ್ತೆ ರೇಷ್ಮೆ ಸೀರೆ ಉಟ್ಟು ಮುಂದಿನ ಕುರ್ಚಿ ಹಿಡಿದಿದ್ದರು. ಬಾವುಟದ ಕಂಬದ ಹತ್ತಿರ ನೆಲದ ಮೇಲೆ ಸುಣ್ಣದಲ್ಲಿ ಒಂದು ಗುಂಡು ಗೆರೆ ಎಳೆದಿದ್ದರು. ಕರೆ ಊದುವವರು ನಿಲ್ಲುವ ಜಾಗ. ಬಿಳಿ ಅಂಗಿಯ ಮೇಲೆ ಕೇಸರಿ ಪಟ್ಟಿ ಹಾಕಿಕೊಂಡು ನನ್ನ ಮಗಳು ಅಲ್ಲಿ ನಿಂತಿದ್ದಳು, ಖಾಲಿ ಕೈಯಲ್ಲಿ.

ಎಂಟಾಯಿತು. ಎಂಟೂಕಾಲಾಯಿತು. ಸಾಹೇಬರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಗಂಡಿನ ಬಸ್ಸು ಕಾಲು ಗಂಟೆ ತಡವಾಗಿ ಬಂದಿತ್ತು, ದಾರಿಯಲ್ಲಿ ಊರೂರಿನ ಶಾಲೆ ಮಕ್ಕಳ ಮೆರವಣಿಗೆ ಅಡ್ಡ ಸಿಕ್ಕಿತ್ತು ಎಂದು ಆಮೇಲೆ ತಿಳಿಯಿತು. ಬಾವುಟ ಏರಿಸುವ ಅತಿಥಿಗಳು ಎಲ್ಲ ಕಡೆಯೂ ಒಂದು ಗಂಟೆ ತಡವಾಗಿ ಬರುತ್ತಾರೆ, ಆ ಧೈರ್ಯವೊಂದಿತ್ತು ನನಗೆ. ಎಂಟೂ ಇಪ್ಪತ್ತೈದಕ್ಕೆ ಅತಿಥಿಗಳ ಕಾರು ಗೇಟಿನೊಳಗೆ ಬಂತು. ನನ್ನ ಜನ್ಮದಲ್ಲಿ ಹೊತ್ತಿಗೆ ಸರಿಯಾಗಿ ಬಂದ ಅತಿಥಿಯನ್ನು ನೋಡಿದ್ದು ಅದೇ ಮೊದಲು, ಆ ದಿನವೇ ಆಗಬೇಕಿತ್ತೇ?

ಹೆಡ್ ಮೇಡಂ ಮಗಳ ಖಾಲಿ ಕೈ ನೋಡಿದರು, ಗಡಿಯಾರ ನೋಡಿದರು. ಅತಿಥಿಗಳು ಹಗ್ಗ ಹಿಡಿದರು. ಬ್ಯಾಂಡ್ ಮೇಷ್ಟ್ರು ಬೇರೆ ದಾರಿ ಕಾಣದೆ ಡ್ರಮ್ಮಿನವರಿಗೆ ಸನ್ನೆ ಮಾಡಲು ಕೈ ಎತ್ತಿದರು. ಮೈದಾನ ಪೂರ್ತಿ ನಿಶ್ಶಬ್ದ. ಮಗಳು ಕದಲಲಿಲ್ಲ, ನೆಲವನ್ನೂ ನೋಡಲಿಲ್ಲ, ಗೇಟನ್ನೇ ನೋಡುತ್ತಿದ್ದಳು.

ಆಗ ಗೇಟಿನ ಕಡೆಯಿಂದ ನಾಲ್ಕು ಸ್ವರ ಕೇಳಿಬಂತು. ದುಂಡಗೆ, ತುಂಬಿಕೊಂಡು, ಒಂದು ಕೂದಲೆಳೆಯೂ ಆಚೀಚೆ ಇಲ್ಲದೆ. ಹೆತ್ತವರ ಗುಂಪಿನಲ್ಲಿ ಸಿಕ್ಕಿಕೊಂಡ ಸಾಹೇಬರು ಕೆಂಪು ಕೋಟಿನಲ್ಲಿ, ಸ್ಕೂಟರಿನ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ಟ್ರಂಪೆಟ್ ಎತ್ತಿ ಊದುತ್ತಿದ್ದರು. ಬಾವುಟ ಏರಿತು, ಹೂವು ಉದುರಿತು, ಮೈದಾನ ಪೂರ್ತಿ ಚಪ್ಪಾಳೆ. ನಾನೂ ತಟ್ಟಿದೆ. ದೇವರು ದೊಡ್ಡವನು, ಮಾನ ಉಳಿಯಿತು ಎಂದುಕೊಂಡೆ. ಆಮೇಲೆ ಮಗಳ ಮುಖ ನೋಡಿದೆ, ಕೈ ತಾನಾಗಿ ನಿಂತುಹೋಯಿತು.

ಸಾಹೇಬರು ಗುಂಪಿನಲ್ಲಿ ದಾರಿ ಮಾಡಿಕೊಂಡು, ಬೆವರು ಒರೆಸಿಕೊಳ್ಳುತ್ತ, ನಗುತ್ತ ಬಂದು ಟ್ರಂಪೆಟ್ ಮುಂದೆ ಚಾಚಿದರು. ಅವಳು ಕೈ ಚಾಚಲಿಲ್ಲ. ಅಷ್ಟರಲ್ಲಿ ಅವಳು ಗೆರೆ ಬಿಟ್ಟು ಮೈದಾನದ ಅಂಚಿಗೆ ಬಂದಿದ್ದಳು, ನಾನೂ ಅವಳ ಪಕ್ಕಕ್ಕೆ ಓಡಿ ಬಂದಿದ್ದೆ.

"ಅದು ನಂದು," ಅಂದಳು.

ಸಾಹೇಬರ ನಗು ಇಳಿಯಿತು. ಅವಳಿಗೆ ಇನ್ನೂ ಹನ್ನೆರಡು ವರ್ಷ. ಆದರೆ ಅವರು ದೊಡ್ಡವರಿಗೆ ಹೇಳುವ ಹಾಗೆಯೇ ಹೇಳಿದರು.

"ತಪ್ಪಾಯ್ತು ಮಗಳೇ. ಅಲ್ಲೊಂದ್ ಸ್ವರ ಬರ್ಬೇಕು ಅಂತ ಎಲ್ರೂ ಕಾಯ್ತಾ ಅವ್ರೆ, ನನ್ ಕೈಲಿ ವಾದ್ಯ ಐತೆ. ಬಾಯಿ ತಡೀಲಿಲ್ಲ."

ಅತಿಥಿಗಳು ಭಾಷಣ ಶುರು ಮಾಡಿದ್ದರು. ಮಗಳು ಟ್ರಂಪೆಟ್ ಈಸಿಕೊಂಡಳು. ನಾನು ಅವಳನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು ಎಂದುಕೊಂಡಿದ್ದೆ. ಅವಳು ತಿರುಗಿ ಸುಣ್ಣದ ಗೆರೆಯೊಳಗೆ ಹೋಗಿ ನಿಂತಳು. ಹೆಡ್ ಮೇಡಂ ಕಣ್ಣು ಅರಳಿಸಿ ಬೇಡವೆಂದು ತಲೆ ಅಲ್ಲಾಡಿಸಿದರು. ಅವಳು ಬಾವುಟದ ಕಡೆ ಮುಖ ಮಾಡಿ ಊದಿಬಿಟ್ಟಳು. ಒಂದು, ಎರಡು, ಮೂರನೆಯದು ಒಡೆಯಿತು.

ಅತಿಥಿಗಳು ಮಾತು ನಿಲ್ಲಿಸಿದರು. ಮೈದಾನವೆಲ್ಲ ಅವಳ ಕಡೆ ತಿರುಗಿತ್ತು. ಯಾರೋ ಕಿಸಕ್ಕೆಂದರು. ನಾನಾಗಿದ್ದರೆ ಅಲ್ಲೇ ಓಡಿಹೋಗುತ್ತಿದ್ದೆ. ಅವಳು ತುಟಿ ಒರೆಸಿಕೊಂಡು ಮೊದಲಿಂದ ಶುರು ಮಾಡಿದಳು. ಒಂದು, ಎರಡು, ಮೂರು. ಮೂರನೆಯದು ನಿಂತಿತು. ನಾಲ್ಕನೆಯದನ್ನು ಹಿಡಿದವಳು ಬಿಡಲೇ ಇಲ್ಲ. ಸಾಹೇಬರದಷ್ಟು ದುಂಡಗಿರಲಿಲ್ಲ, ತುದಿಯಲ್ಲಿ ಸ್ವಲ್ಪ ನಡುಗುತ್ತಿತ್ತು. ಅವಳ ಉಸಿರು ಇರುವವರೆಗೂ ಅದು ಇತ್ತು. ಅತಿಥಿಗಳಿಗೆ ಏನನ್ನಿಸಿತೋ, ಕಾಗದ ಕೆಳಗಿಟ್ಟು, ಬಾವುಟದ ಕಡೆ ತಿರುಗಿ ಇನ್ನೊಮ್ಮೆ ಸೆಲ್ಯೂಟ್ ಹೊಡೆದರು. ಅವರು ಹೊಡೆದ ಮೇಲೆ ಇನ್ನೇನು, ಕೂತವರೆಲ್ಲ ಎದ್ದು ನಿಲ್ಲಬೇಕಾಯಿತು. ಅತ್ತೆ ಎಲ್ಲರಿಗಿಂತ ಮೊದಲೇ ಎದ್ದಿದ್ದರು. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಟ್ಟು ಏನಾಗಬೇಕು. ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಅವಳು ವಾದ್ಯ ಇಳಿಸಿ, ಮೈದಾನ ದಾಟಿ, ನೇರ ಸಾಹೇಬರ ಬಳಿಗೆ ಬಂದಳು. ಅವರ ಕಣ್ಣೂ ಒದ್ದೆಯಾಗಿತ್ತು. ಏನೋ ಹೇಳಲು ಹೊರಟರು. ಅವಳು ಬಿಡಲಿಲ್ಲ.

"ಈಗ ತಕೊಂಡ್ ಹೋಗಿ. ಬೇಗ ಹೋಗಿ, ಅಲ್ಲಿ ಕಾಯ್ತಾ ಇರ್ತಾರೆ."

ಸಾಹೇಬರು ಎರಡೂ ಕೈ ಚಾಚಿ ಟ್ರಂಪೆಟ್ ಈಸಿಕೊಂಡರು. ಅದು ಇನ್ನೂ ಬಿಸಿಯಾಗಿತ್ತಂತೆ.